ತಪ್ಪುಗಳು ಕೇರಿ ದಾಟುವುದಿಲ್ಲ

ಹತ್ತನೇ ತರಗತಿಯ ಗಣಿತದ ನೋಟ್‌ಬುಕ್ ತಿದ್ದುವುದು ಬೇಸರದ ಕೆಲಸ. ಎಲ್ಲರದ್ದೂ ಅದೇ ಲೆಕ್ಕ, ಅದೇ ಹಂತಗಳು, ಮೂಲೆಯಲ್ಲಿ ಅದೇ ಕೆಂಪು ಗೀಟು. ಆ ಬೇಸರದ ನಡುವೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಂದಿನಿಂದ ತಲೆಯಿಂದ ಇಳಿದಿಲ್ಲ. ಸಮಾಂತರ ಶ್ರೇಢಿಯ ಒಂದು ಲೆಕ್ಕದಲ್ಲಿ ಬೋರ್ಡಿನ ಮೇಲಿದ್ದ 17ನ್ನು ಯಾರೋ 11 ಎಂದು ಬರೆದುಕೊಂಡಿದ್ದರು. ಹಿಂದಿನ ಹಂತ ಸರಿ, ಮುಂದಿನದೂ ಸರಿ, ಉತ್ತರವೂ ಸರಿ. ನಡುವೆ ಮಾತ್ರ ಯಾವ ದಾರಿಯಿಂದಲೂ ಬರಲು ಸಾಧ್ಯವಿಲ್ಲದ ಒಂದು 11. ಕೆಲವು ಪುಸ್ತಕ ದಾಟಿದ ಮೇಲೆ ಅದೇ ಜಾಗದಲ್ಲಿ ಅದೇ 11 ಮತ್ತೆ ಸಿಕ್ಕಿತು. ಆಮೇಲೆ ಇನ್ನೊಂದರಲ್ಲಿ. ಕುತೂಹಲಕ್ಕೆ ಅಂಥವನ್ನೆಲ್ಲ ಬದಿಗಿಟ್ಟು ಹೆಸರು ನೋಡಿದರೆ ಎಲ್ಲವೂ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿರುವ ಹುಡುಗರವು. ಉಳಿದವನ್ನೂ ಅದೇ ಕಣ್ಣಿನಿಂದ ತಿರುವಿ ಹಾಕಿದೆ. ಊರ ನಡುವಿನ ಓಣಿಗಳ ಮಕ್ಕಳ ಪುಸ್ತಕಗಳಲ್ಲಿ ಆ 11 ಇರಲಿಲ್ಲ; ಅಲ್ಲಿ ಬಿಟ್ಟುಹೋದ ಮೈನಸ್ ಚಿಹ್ನೆಯೊಂದು ಕೈಯಿಂದ ಕೈಗೆ ಹೋಗಿತ್ತು. ತಾಂಡಾದಿಂದ ಬರುವ ಹುಡುಗಿಯರ ಪುಸ್ತಕಗಳಲ್ಲಿ ಈ ಎರಡೂ ತಪ್ಪುಗಳಿಲ್ಲ, ಒಂದು ಇಡೀ ಸಾಲೇ ಮಾಯ.

ಒಂದೇ ಕೋಣೆ, ಒಂದೇ ಬೋರ್ಡು, ಒಬ್ಬನೇ ಮೇಷ್ಟ್ರು. ತಪ್ಪುಗಳು ಮಾತ್ರ ಮೂರು ಪಂಗಡ, ಒಂದು ಪಂಗಡದ್ದು ಇನ್ನೊಂದಕ್ಕೆ ಕಾಲಿಟ್ಟಿಲ್ಲ. ಯಾರು ಯಾರ ಪುಸ್ತಕ ನೋಡಿ ಬರೆದುಕೊಳ್ಳುತ್ತಾರೆ, ಯಾರನ್ನು ಯಾರು ಕೇಳುತ್ತಾರೆ ಎಂಬ ನಕ್ಷೆಯನ್ನು ಮಕ್ಕಳೇ ನನ್ನ ಮೇಜಿನ ಮೇಲೆ ಬಿಡಿಸಿಟ್ಟಂತಿತ್ತು. ತಪ್ಪು ದಾಟದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. ತಪ್ಪು ದಾಟದ ಕಡೆ ಸರಿಯೂ ದಾಟುವುದಿಲ್ಲ ಎಂಬುದೇ ನನ್ನ ತಲೆನೋವು.

ನಾನಿರುವುದು ಯಾದಗಿರಿ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ. ಇಲ್ಲಿ ಮಗು ಶಾಲೆ ತಪ್ಪಿಸುವುದಕ್ಕೆ ಹಂಗಾಮು ಇದೆ. ಹತ್ತಿ ಒಡೆದು ನಿಂತಾಗ ತರಗತಿಯ ಅರ್ಧ ಬೆಂಚು ಖಾಲಿ. ಕೆಲವು ಮನೆಗಳು ಗುಳೆ ಹೋಗುತ್ತವೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮುಂಬೈಗೋ. ತಿಂಗಳ ಮೇಲೆ ಮರಳಿ ಬಂದ ಮಗು ಮೊದಲು ಹುಡುಕುವುದು ಮೇಷ್ಟ್ರನ್ನಲ್ಲ, ಒಂದು ನೋಟ್‌ಬುಕ್ಕನ್ನು. ಯಾರು ಕೊಡುತ್ತಾರೆ, ಎಂಥ ಪುಸ್ತಕ ಕೊಡುತ್ತಾರೆ, ಮನೆಗೆ ಒಯ್ಯಲು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ಆ ಮಗುವಿನ ಮುಂದಿನ ಎರಡು ತಿಂಗಳು ನಿಂತಿವೆ. ಸರ್ಕಾರ ಪಠ್ಯಪುಸ್ತಕ ಕೊಡುತ್ತದೆ, ಬಿಸಿಯೂಟ ಕೊಡುತ್ತದೆ, ಬಟ್ಟೆ ಕೊಡುತ್ತದೆ. ಗೆಳೆಯನ ನೋಟ್ಸ್ ಯಾವ ಯೋಜನೆಯಲ್ಲೂ ಬರುವುದಿಲ್ಲ.

ಸಹವಾಸ ದೋಷ

ಪೋಷಕರ ಸಭೆಯಲ್ಲಿ ಅತಿ ಹೆಚ್ಚು ಬಾರಿ ಕೇಳುವ ಮಾತು ಇದು. ಮಗ ಫೇಲಾದರೆ ಸಹವಾಸ ದೋಷ, ಮಗಳು ಮೊಬೈಲ್ ಹಿಡಿದರೆ ಸಹವಾಸ ದೋಷ. ವಿಚಿತ್ರವೆಂದರೆ ಎಲ್ಲ ಅಪ್ಪಂದಿರೂ ತಮ್ಮ ಮಗ ಇನ್ನೊಬ್ಬರ ಮಗನಿಂದ ಕೆಟ್ಟನೆಂದೇ ಹೇಳುತ್ತಾರೆ, ಕೆಡಿಸಿದವನ ಅಪ್ಪ ಮಾತ್ರ ಯಾವ ಸಭೆಗೂ ಬಂದಿರುವುದಿಲ್ಲ. ನಾವು ಮೇಷ್ಟ್ರುಗಳು ಇದನ್ನೇ ಇಲಾಖೆಯ ಭಾಷೆಯಲ್ಲಿ ಹೇಳುತ್ತೇವೆ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಮಕ್ಕಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತೇವೆ. ಸಿ ಗುಂಪಿನವರಿಗೆ 'ನಿಧಾನ ಕಲಿಕೆಯ ಮಕ್ಕಳು' ಎಂಬ ಹೆಸರು, ಅವರಿಗೊಂದು ಪಾಸಿಂಗ್ ಪ್ಯಾಕೇಜ್, ಒಬ್ಬೊಬ್ಬ ಶಿಕ್ಷಕರ ಹೊಣೆಗೆ ಇಷ್ಟಿಷ್ಟು 'ದತ್ತು ಮಕ್ಕಳು'. ಸಂಜೆಯ ಹೆಚ್ಚುವರಿ ತರಗತಿಗೆ ಸಿ ಗುಂಪನ್ನು ಬೇರೆ ಕೋಣೆಗೆ ಕಳಿಸುತ್ತೇವೆ. ಆ ಕೋಣೆಯ ಹಾಜರಾತಿ ಪಟ್ಟಿಯನ್ನೂ ಹಾಸ್ಟೆಲ್ ಮತ್ತು ತಾಂಡಾದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಎಷ್ಟು ಹೆಸರು ಒಂದೇ ಎಂದು ನಾನು ಇಲ್ಲಿ ಬರೆಯುವ ಅಗತ್ಯವಿಲ್ಲ. ಇಂಥ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಈ ವಿಂಗಡಣೆಯ ಹಿಂದೆ ದುರುದ್ದೇಶವಿಲ್ಲ, ಭಯವಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು, ಕೋಣೆಕೋಣೆಗೂ ಕ್ಯಾಮೆರಾ. ಹಿಂದಿನ ವರ್ಷ 83.89 ಇದ್ದ ರಾಜ್ಯದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94ರೊಂದಿಗೆ ಮೇಲೆ, ನಮ್ಮ ಯಾದಗಿರಿ 50.59ರೊಂದಿಗೆ ಕೊನೆಗೆ. ಆ ವಾರ ಟೀವಿಯಲ್ಲಿ ನಡೆದ ಚರ್ಚೆಗಳಲ್ಲಿ ನಮ್ಮ ಮಕ್ಕಳೆಲ್ಲ ಇಷ್ಟು ದಿನ ಚೀಟಿ ಇಟ್ಟುಕೊಂಡೇ ಪಾಸಾಗುತ್ತಿದ್ದರೆಂಬಂತೆ ಮಾತು ಬಂತು. ನಕಲು ಇತ್ತು, ನಿಜ. ಆದರೆ ಪರೀಕ್ಷಾ ಕೋಣೆಯ ಮೂರು ಗಂಟೆಯಲ್ಲಿ ಯಾರಿಂದ ಯಾರಿಗೆ ಏನು ಹೋಗುತ್ತದೆ ಎಂದು ನೋಡಲು ಕ್ಯಾಮೆರಾ ಹಾಕಿದವರು, ವರ್ಷದ ಉಳಿದ ದಿನಗಳಲ್ಲಿ ಯಾರಿಂದ ಯಾರಿಗೆ ಏನು ಹೋಗುತ್ತಿಲ್ಲ ಎಂದು ಕೇಳಲಿಲ್ಲ.

ತಮಾಷೆಯೆಂದರೆ ಗೆಳೆಯರಿಂದ ಕಲಿಯುವುದು ನಮ್ಮ ಇಲಾಖೆಗೆ ಹೊಸ ವಿಚಾರವೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪು ಶಿಕ್ಷಕರ ನೆರವಿನಲ್ಲಿ ಕಲಿತರೆ ಇನ್ನೊಂದು ಗೆಳೆಯರ ನೆರವಿನಲ್ಲಿ. ಆರು ವರ್ಷದ ಮಗು ಪಕ್ಕದ ಮಗುವಿನಿಂದ ಕಲಿಯುತ್ತದೆಂದು ಒಪ್ಪಿಕೊಂಡವರು, ಹದಿನೈದರ ವಯಸ್ಸಿಗೆ ಬರುವ ಹೊತ್ತಿಗೆ ಪಕ್ಕದವನನ್ನು ಅಪಾಯವೆಂದು ತೀರ್ಮಾನಿಸುತ್ತೇವೆ. ಗೆಳೆಯರ ಮಾತು ಅಪ್ಪ ಅಮ್ಮನ ಮಾತಿಗಿಂತ ದೊಡ್ಡದಾಗುವುದು ಆ ವಯಸ್ಸಿನಲ್ಲೇ. ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇಲ್ಲದ ಮಗುವಿಗಂತೂ ಓದಿನ ವಿಷಯಕ್ಕೆ ಬೇರೆ ಯಾರ ಮಾತು ಇರುತ್ತದೆ?

ಬೇವಿನ ಮರದ ಕೆಳಗೆ

ಹತ್ತಿ ಬಿಡಿಸಲು ಹೋಗಿ ವಾರಗಟ್ಟಲೆ ತಪ್ಪಿಸಿಕೊಂಡಿದ್ದ ತಾಂಡಾದ ಹುಡುಗಿಯೊಬ್ಬಳು ಮರಳಿ ಬಂದಿದ್ದಳು. ಬೆರಳ ತುದಿಗಳಲ್ಲಿ ಹತ್ತಿಯ ತೊಳೆ ಗೀರಿದ ಗಾಯ ಇನ್ನೂ ಮಾಸಿರಲಿಲ್ಲ. ತರಗತಿಯಲ್ಲಿ ಎನ್‌ನೇ ಪದದ ಸೂತ್ರ ಮತ್ತೊಮ್ಮೆ ಹೇಳಿ 'ತಿಳಿಯಿತಾ?' ಎಂದು ಕೇಳಿದೆ. ಎಲ್ಲರ ಜೊತೆ ಅವಳೂ 'ತಿಳಿಯಿತು ಸರ್' ಎಂದಳು. ತಿಳಿದಿರಲಿಲ್ಲ ಎಂಬುದು ಮುಖದಲ್ಲೇ ಇತ್ತು. ಊಟದ ಬಿಡುವಿನಲ್ಲಿ ಬೇವಿನ ಕಟ್ಟೆಯ ಹತ್ತಿರ ಹಾದುಹೋಗುವಾಗ ಅವಳ ತಾಂಡಾದವಳೇ ಆದ ಇನ್ನೊಬ್ಬಳು ಕಡ್ಡಿಯಿಂದ ಮಣ್ಣಿನ ಮೇಲೆ ಗೀಚುತ್ತಾ ಅದನ್ನೇ ಹೇಳಿಕೊಡುತ್ತಿದ್ದಳು. ಮಾತು ಲಂಬಾಣಿಯಲ್ಲಿ ನಡೆದಿತ್ತು, ನನಗೆ ಹಿಡಿದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ. 'ಸಂಘಕ್ಕೆ ಅವ್ವ ಮೊದಲ ವಾರ 50 ರೂಪಾಯಿ ಕಟ್ಟಿದಳು ಅಂದುಕೋ. ಆಮೇಲೆ ವಾರವಾರ 10 ಹೆಚ್ಚಿಗೆ ಕಟ್ಟುತ್ತಾ ಹೋದಳು. ಐದನೇ ವಾರ ಎಷ್ಟು?' ಇವಳು ಬೆರಳು ಮಡಿಚಿ 'ನೂರು' ಎಂದಳು. 'ಐದು ಸಲ ಎಲ್ಲಿ ಹೆಚ್ಚಿಸಿದಳು? ಮೊದಲ ವಾರ ಹೆಚ್ಚಿಸಿಯೇ ಇಲ್ಲವಲ್ಲ!' ಒಂದು ಕ್ಷಣ ಸುಮ್ಮನಿದ್ದು, 'ಹಾಂ, ತೊಂಬತ್ತು' ಎಂದು ಇವಳು ನಕ್ಕಳು.

ಸೂತ್ರದಲ್ಲಿ ಎನ್ ಇರದೆ ಎನ್‌ನಲ್ಲಿ ಒಂದು ಕಳೆದದ್ದು ಏಕೆ ಇದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಬರುವುದಿಲ್ಲ. ಆದರೆ ನಾನು ಗಮನಿಸಿದ್ದು ಲೆಕ್ಕಕ್ಕಿಂತ ಆ 'ನೂರು' ಎಂಬ ತಪ್ಪು ಉತ್ತರವನ್ನು. ತರಗತಿಯಲ್ಲಿ ಆ ಹುಡುಗಿ ಯಾವತ್ತೂ ತಪ್ಪು ಉತ್ತರ ಹೇಳಿದವಳಲ್ಲ, ಏಕೆಂದರೆ ಉತ್ತರವನ್ನೇ ಹೇಳಿದವಳಲ್ಲ. ತಪ್ಪು ಹೇಳಲು ಧೈರ್ಯ ಬೇಕು. ಯಾರೆದುರು ತಪ್ಪು ಹೇಳಿದರೆ ಅದು ಬರೀ ತಪ್ಪಾಗಿ ಉಳಿಯುತ್ತದೆ, ಯಾರೆದುರು ಹೇಳಿದರೆ 'ತಾಂಡಾದವರು ಹೀಗೇ' ಎಂದಾಗುತ್ತದೆ ಎಂಬ ಲೆಕ್ಕ ಆ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೆಳೆತನ ಓದಿಗೆ ಹೇಗೆ ನೆರವಾಗುತ್ತದೆ ಎಂದು ಕೇಳಿದರೆ ನಾನು ಪ್ರೋತ್ಸಾಹ, ಸ್ಪರ್ಧೆ, ಮಾದರಿ ಎಂಬ ಮಾತುಗಳನ್ನೆಲ್ಲ ಆಮೇಲೆ ಹೇಳುತ್ತೇನೆ. ಮೊದಲು ಇದು: ನಾಚಿಕೆಯಿಲ್ಲದೆ 'ನೂರು' ಎನ್ನಲು ಒಂದು ಜಾಗ.

ಎದ್ದು ನಿಲ್ಲಿ

ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕಾಲ ಬಂದಾಗ ಶಾಲೆಗಳಲ್ಲಿ ಒಂದು ದೃಶ್ಯ ಇರುತ್ತದೆ. ಪಾಠದ ನಡುವೆ ಯಾರೋ ಬಾಗಿಲಲ್ಲಿ ನಿಂತು, 'ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ' ಎನ್ನುತ್ತಾರೆ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ತಂದಿಲ್ಲದವರ ಹೆಸರು ಕೂಗುತ್ತಾರೆ, ಆಧಾರ್ ಜೋಡಣೆಯಾಗದವರನ್ನು ಗದರುತ್ತಾರೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿಸಬೇಕು, ಕೊನೆಯ ದಿನ ಹತ್ತಿರ ಬಂದಿದೆ, ಮಕ್ಕಳ ದುಡ್ಡು ಮಕ್ಕಳಿಗೇ ಸಿಗಲಿ ಎಂಬ ಕಾಳಜಿಯೂ ಇದೆ. ಎದ್ದು ನಿಂತವರು ಮತ್ತೆ ಕುಳಿತ ಮೇಲೆ ಪಾಠ ಮುಂದುವರಿಯುತ್ತದೆ.

ಅದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಯೋಗವೇ ನಡೆದಿದೆ. ಅರ್ಥಶಾಸ್ತ್ರಜ್ಞೆಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 321 ಮೇಲ್ಜಾತಿಯ, 321 ಕೆಳಜಾತಿಯ ಶಾಲಾ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಚಿತ್ರಗಳನ್ನು ಕೊಟ್ಟು ಬಿಡಿಸಲು ಹೇಳಿದರು; ಬಿಡಿಸಿದ್ದಕ್ಕೆ ದುಡ್ಡೂ ಇತ್ತು. ಯಾರ ಜಾತಿಯೂ ಪ್ರಕಟವಾಗದೆ ಇದ್ದಾಗ ಎರಡೂ ಕಡೆಯ ಹುಡುಗರು ಸರಿಸುಮಾರು ಸಮಸಮ. ಪ್ರತಿಯೊಬ್ಬನ ಹೆಸರು, ಊರು, ತಂದೆ ಮತ್ತು ಅಜ್ಜನ ಹೆಸರು, ಜಾತಿಯನ್ನು ಎಲ್ಲರೆದುರು ಓದಿ, ಹೌದೆಂದು ತಲೆಯಾಡಿಸಲು ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಚಿತ್ರಗಳ ಸಂಖ್ಯೆ ಕುಸಿಯಿತು. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಜೊತೆಗಿದ್ದ ಹುಡುಗರು ಒಂದು ಮಾತೂ ಆಡಬೇಕಾಗಿರಲಿಲ್ಲ, ಅವರು ಕೇಳಿಸಿಕೊಂಡಿದ್ದೇ ಸಾಕಾಗಿತ್ತು. ಹಾಗಾದರೆ ಬೇರೆ ಬೇರೆ ಕೂರಿಸಿಬಿಟ್ಟರೆ? ಅದನ್ನೂ ನೋಡಿದರು. ಜಾತಿವಾರು ಗುಂಪು ಮಾಡಿ ಕೂರಿಸಿದಾಗ ಮೇಲ್ಜಾತಿಯ ಹುಡುಗರ ಸಾಧನೆಯೂ ಇಳಿಯಿತು. ನಮ್ಮ ಸಿ ಗುಂಪಿನ ಕೋಣೆಯ ಬಾಗಿಲ ಮುಂದೆ ಹಾದುಹೋಗುವಾಗೆಲ್ಲ ನನಗೆ ಈ ಎರಡನೇ ಫಲಿತಾಂಶ ನೆನಪಾಗುತ್ತದೆ.

ಅಂಬೇಡ್ಕರ್ ಅವರ ಗೋಣಿತಟ್ಟಿನ ಕಥೆ ಎಲ್ಲರಿಗೂ ಗೊತ್ತು. ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನದ್ದು ಅಷ್ಟಾಗಿ ಗೊತ್ತಿಲ್ಲ. ಲೆಕ್ಕ ಬಿಡಿಸಲು ಮೇಷ್ಟ್ರು ಅವರನ್ನು ಬೋರ್ಡಿನ ಬಳಿ ಕರೆದಾಗ, ಬೋರ್ಡಿನ ಹಿಂದೆ ಊಟದ ಡಬ್ಬಿಗಳನ್ನಿಟ್ಟಿದ್ದ ಹುಡುಗರು ಮೈಲಿಗೆಯಾದೀತೆಂದು ಓಡಿ ಬಂದು ಅವನ್ನು ಎತ್ತಿಕೊಂಡರು. ಆಮೇಲೆ ಅವರು ಲೆಕ್ಕ ಬಿಡಿಸಿದರು. ನಾವು ಆ ಕೊನೆಯ ವಾಕ್ಯವನ್ನೇ ಹಿಡಿದುಕೊಂಡು ಮಕ್ಕಳಿಗೆ ಸ್ಫೂರ್ತಿಯ ಭಾಷಣ ಮಾಡುತ್ತೇವೆ. ಡಬ್ಬಿ ಎತ್ತಿಕೊಳ್ಳುವ ಸದ್ದಿನ ನಡುವೆ ಲೆಕ್ಕ ಬಿಡಿಸಲಾಗದೆ ಬೆಂಚಿಗೆ ಮರಳಿದ ಲಕ್ಷಾಂತರ ಮಕ್ಕಳು ಯಾರ ಭಾಷಣದಲ್ಲೂ ಇಲ್ಲ.

ಟ್ರಂಕುಗಳ ಸಾಲು

ಹಾಗೆಂದು ಹಾಸ್ಟೆಲ್ಲನ್ನು ಬರೀ ಪ್ರತ್ಯೇಕತೆಯ ಗೂಡು ಎಂದು ಬರೆದರೆ ಅನ್ಯಾಯವಾದೀತು. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಊಟದ ನಂತರ ನಾನು ಅಲ್ಲಿಗೆ ಹೋಗುವುದುಂಟು. ಉದ್ದನೆಯ ಕೋಣೆ, ಗೋಡೆಗೆ ಸಾಲಾಗಿ ತಗಡಿನ ಟ್ರಂಕುಗಳು. ಅದೇ ಬೀರು, ಅದೇ ಮೇಜು. ಟ್ರಂಕಿನ ಎರಡು ಬದಿಗೆ ಇಬ್ಬರು ಕೂತರೆ ಒಬ್ಬನ ಪುಸ್ತಕ ಇನ್ನೊಬ್ಬನಿಗೆ ತಲೆಕೆಳಗಾಗಿ ಕಾಣುತ್ತದೆ. ತಲೆಕೆಳಗಾಗಿ ಓದುವುದರಲ್ಲಿ ಅವರಷ್ಟು ನುರಿತವರನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಬಾಯಿ ಬಿಡದ ಹುಡುಗ ಅಲ್ಲಿ ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಪೈಥಾಗೊರಸ್ ಪ್ರಮೇಯ ಬಿಡಿಸುತ್ತಾ ಇನ್ನೊಬ್ಬನಿಗೆ ದಬಾಯಿಸುತ್ತಿರುತ್ತಾನೆ. ದೇವರಾಜ ಅರಸು ಕಾಲದಲ್ಲಿ ಊರೂರಿಗೆ ಹಬ್ಬಿದ ಇಂಥ ವಿದ್ಯಾರ್ಥಿ ನಿಲಯಗಳಿಂದ ಹೊರಬಂದವರು ಎಷ್ಟೋ ಜನ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್‌ನಲ್ಲಿದ್ದು ಓದಿದ ಕವಿ ಸಿದ್ದಲಿಂಗಯ್ಯನವರೂ ಆ ಸಾಲಿನವರೇ. ದಲಿತ ಚಳವಳಿಗೆ ಕಾರ್ಯಕರ್ತರು ಸಿಕ್ಕಿದ್ದು ಹೆಚ್ಚಾಗಿ ಹಾಸ್ಟೆಲ್ ಕೋಣೆಗಳಿಂದ ಎಂಬುದು ಆಕಸ್ಮಿಕವಲ್ಲ. ತನ್ನಂತೆಯೇ ಇರುವ ಇನ್ನೂ ಐವತ್ತು ಜನರನ್ನು ಮೊದಲ ಬಾರಿಗೆ ಕಾಣುವುದು ಸಣ್ಣ ವಿಷಯವಲ್ಲ.

ಆದರೆ ಅದೇ ಕೋಣೆಗೆ ಒಂದು ಮಿತಿಯೂ ಇದೆ, ಅದು ಲೆಕ್ಕಕ್ಕಿಂತ ಹೆಚ್ಚಾಗಿ ಸುದ್ದಿಯ ವಿಷಯದಲ್ಲಿ. ಹತ್ತನೇ ತರಗತಿಯ ನಂತರ ಏನು ಎಂಬುದು ಪಠ್ಯಪುಸ್ತಕದಲ್ಲಿಲ್ಲ. ಪಿಯುಸಿಯಲ್ಲಿ ವಿಜ್ಞಾನದ ಪಿಸಿಎಂಬಿ ತೆಗೆದುಕೊಂಡರೆ ಏನು, ಡಿಪ್ಲೊಮಾಕ್ಕೆ ಯಾವಾಗ ಅರ್ಜಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಬೇಕೆಂಬುದು ಊರ ನಡುವಿನ ಮಕ್ಕಳಿಗೆ ಅಣ್ಣನಿಂದಲೋ ಸೋದರಮಾವನಿಂದಲೋ ತಾನಾಗಿ ಬಂದಿರುತ್ತದೆ. ಹಾಸ್ಟೆಲ್ ಹುಡುಗರಿಗೆ ಹಿಂದಿನ ವರ್ಷ ಅಲ್ಲಿಂದ ಹೋದವನೇ ಅಣ್ಣ. ಆತ ಕಲಾ ವಿಭಾಗ ಸೇರಿದ್ದರೆ ಇವರೂ ಕಲಾ ವಿಭಾಗ. ಆತ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಹಿಡಿದು ಯುಗಾದಿಗೆ ಹೊಸ ಮೊಬೈಲ್‌ನೊಂದಿಗೆ ಬಂದರೆ, ಪರೀಕ್ಷೆಯ ನಂತರ ಅವನ ಹಿಂದೆ ಬಸ್ ಹತ್ತುವವರೂ ಇದ್ದಾರೆ. ಅದನ್ನು ಸಹವಾಸ ದೋಷ ಎನ್ನಲು ನನಗೆ ಬಾಯಿ ಬರುವುದಿಲ್ಲ. ದುಡಿದು ತಂದವನನ್ನು ಅವರು ಕಣ್ಣಾರೆ ನೋಡಿದ್ದಾರೆ. ಓದಿ ತಂದವನನ್ನು ನೋಡಿಲ್ಲ.

ಹುಡುಗಿಯರ ವಿಷಯದಲ್ಲಿ ಗೆಳೆತನಕ್ಕೆ ಇನ್ನೂ ನೇರವಾದ ಕೆಲಸವಿದೆ: ದಾರಿಗೆ ಜೊತೆ. ತಾಂಡಾದಿಂದ ಶಾಲೆಗೆ ಬರುವ ದಾರಿ ಹೊಲಗಳ ನಡುವಿನದ್ದು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಇದ್ದಾಗ ಎಂಟನೇ ತರಗತಿಗೆ ಬಂದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಾ ಬರುತ್ತಿದ್ದರು. ಕೊರೊನಾ ನಂತರ ಸೈಕಲ್ ನಿಂತಿತು. ಈಗ ಇಬ್ಬಿಬ್ಬರು, ಮೂವರು ನಡೆದು ಬರುತ್ತಾರೆ. ಅವರಲ್ಲೊಬ್ಬಳಿಗೆ ಮದುವೆಯ ಮಾತು ನಡೆದು ಶಾಲೆ ಬಿಡಿಸಿದರೆ ಹಾಜರಿ ಪುಸ್ತಕದಿಂದ ಹೋಗುವುದು ಒಂದೇ ಹೆಸರಲ್ಲ. ಹೀಗೆ ಹಿಂದೆ ಉಳಿದವಳ ಮನೆಗೆ ಕೇಳಲು ಹೋದಾಗ ಅವಳ ತಂದೆ ಹೇಳಿದ್ದಿಷ್ಟೇ: 'ಓದಿಸುವುದು ಬೇಡ ಅಂತ ನಾನು ಎಲ್ಲಿ ಹೇಳಿದೆ ಸರ್? ಒಬ್ಬಳನ್ನೇ ಹೇಗೆ ಕಳಿಸಲಿ, ನೀವೇ ಹೇಳಿ.' ನನ್ನ ಬಳಿ ಉತ್ತರ ಇರಲಿಲ್ಲ. ಬಿಇಒ ಕಚೇರಿಗೆ ಕೊಡುವ ನಮೂನೆಯಲ್ಲಿ ಶಾಲೆ ಬಿಟ್ಟ ಕಾರಣ ಬರೆಯುವ ಅಂಕಣವಿದೆ. 'ಗೆಳತಿ ಬಿಟ್ಟಿದ್ದರಿಂದ' ಎಂದು ಅಲ್ಲಿ ಬರೆಯುವಂತಿಲ್ಲ. ಕೌಟುಂಬಿಕ ಕಾರಣ ಎಂದು ಬರೆದೆ.

ಬೆಂಚು ಬದಲಿಸಿದ್ದು

ನೋಟ್‌ಬುಕ್ಕುಗಳ ಸಂಗತಿ ತಿಳಿದ ಮೇಲೆ ಸುಮ್ಮನಿರಲಾಗದೆ ಕೂರುವ ಕ್ರಮ ಬದಲಿಸಿದೆ, ಹೆಸರಿನ ಅಕ್ಷರಮಾಲೆಯಂತೆ. ಇದು ನನ್ನ ಕಲ್ಪನೆಯೇನಲ್ಲ. ದೆಹಲಿಯ ಖಾಸಗಿ ಶಾಲೆಗಳಿಗೆ ಬಡ ಮಕ್ಕಳನ್ನು ಸೇರಿಸಿಕೊಳ್ಳುವುದು ಕಡ್ಡಾಯವಾದ ನಂತರ ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನದಲ್ಲಿ, ಹೆಸರಿನ ಅಕ್ಷರದ ಪ್ರಕಾರ ಓದಿನ ಗುಂಪು ಮಾಡುವ ಶಾಲೆಗಳ ಪ್ರಸ್ತಾಪ ಬರುತ್ತದೆ. ಬಡ ಸಹಪಾಠಿಗಳ ಜೊತೆ ಒಡನಾಡಿದ ಶ್ರೀಮಂತ ಮಕ್ಕಳಲ್ಲಿ ತಾರತಮ್ಯ ಕಡಿಮೆಯಾಗಿ ಔದಾರ್ಯ ಹೆಚ್ಚಿತು ಎಂಬುದು ಅವರು ಕಂಡುಕೊಂಡದ್ದು. ಓದಿ ಖುಷಿಯಾಯಿತು, ಕಸಿವಿಸಿಯೂ ಆಯಿತು. ಶ್ರೀಮಂತ ಮಕ್ಕಳು ಒಳ್ಳೆಯವರಾಗಲೆಂದು ನಮ್ಮ ಮಕ್ಕಳು ಅವರ ಪಕ್ಕ ಕೂರಬೇಕೇ? ಕರ್ನಾಟಕದಲ್ಲಂತೂ ಆ ಪ್ರಶ್ನೆಯೇ ಏಳುವುದಿಲ್ಲ. 2019ರಿಂದ ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು ಸಿಗದ ಹಾಗೆ ನಿಯಮ ಬದಲಾಯಿತು.

ನಮ್ಮ ಶಾಲೆಗೆ ಬಂದರೆ, ಅಕ್ಷರಮಾಲೆ ಹಾಸ್ಟೆಲ್‌ನ ಒಬ್ಬ ಹುಡುಗನನ್ನು ತರಗತಿಗೇ ಮೊದಲಿಗನ ಪಕ್ಕಕ್ಕೆ ತಂದು ಕೂರಿಸಿತು. ಮೊದಲಿಗ ಒಳ್ಳೆಯ ಹುಡುಗ, ಕೇಳಿದ್ದನ್ನೆಲ್ಲ ಹೇಳಿಕೊಡುತ್ತಿದ್ದ. ಕೆಲವೇ ದಿನಗಳಲ್ಲಿ ಹಾಸ್ಟೆಲ್ ಹುಡುಗ ಬಂದು, ಹಳೆಯ ಬೆಂಚಿಗೇ ಹೋಗುತ್ತೇನೆ ಎಂದ. ಯಾರಾದರೂ ಏನಾದರೂ ಅಂದರೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ತುಂಬಾ ಹೊತ್ತು ಕಾಲಿನಿಂದ ನೆಲ ಕೆರೆದು, 'ಅವನು ಹೇಳಿಕೊಡುತ್ತಾನೆ ಸರ್. ನಾನು ಅವನಿಗೆ ಹೇಳಿಕೊಡುವುದು ಏನೂ ಇಲ್ಲ' ಎಂದ. ಬೇವಿನ ಕಟ್ಟೆಯಲ್ಲಿ ಇಂದು ಕಲಿತವಳು ನಾಳೆ ಕಲಿಸುತ್ತಾಳೆ. ಟ್ರಂಕಿನ ಎರಡೂ ಬದಿಗೆ ಸಾಲ ಕೊಟ್ಟವರೂ ಇದ್ದಾರೆ, ಪಡೆದವರೂ ಇದ್ದಾರೆ. ಇಲ್ಲಿ ಅವನಿಗೆ ದಿನವೂ ಬರೀ ಪಡೆಯುವ ಕೆಲಸ.

ಅವನನ್ನು ಹಳೆಯ ಬೆಂಚಿಗೆ ಕಳಿಸಿದೆ, ಪೂರ್ತಿಯಾಗಿ ಅಲ್ಲ. ಆ ಹುಡುಗನ ಕೈ ನಕ್ಷೆಗೆ ಚೆನ್ನಾಗಿ ಕೂತಿದೆ. ಪೆನ್ಸಿಲ್ ಎತ್ತದೆ ಭಾರತದ ನಕ್ಷೆ ಬರೆಯುತ್ತಾನೆ, ಕಛ್‌ನಿಂದ ಹಿಡಿದು ಈಶಾನ್ಯದ ಅಂಕುಡೊಂಕಿನವರೆಗೆ. ಸಮಾಜ ವಿಜ್ಞಾನದ ಸಹೋದ್ಯೋಗಿಯ ಜೊತೆ ಮಾತಾಡಿ, ವಾರಕ್ಕೊಂದು ಅವಧಿ ನಕ್ಷೆಯ ಅಭ್ಯಾಸವನ್ನು ಅವನಿಗೆ ವಹಿಸಿದೆವು. ಮೊದಲಿಗನಿಗೆ ನಕ್ಷೆ ಒಂಚೂರೂ ಒಲಿಯದು, ಅವನ ಗುಜರಾತ್ ಪ್ರತಿ ಸಲವೂ ಬಾತುಕೊಂಡ ಬೆರಳಿನಂತೆ ಬರುತ್ತದೆ. ಈಗ ಬಿಡುವಿನಲ್ಲಿ ಇಬ್ಬರೂ ಅದರ ಮೇಲೆ ಜಗಳವಾಡುತ್ತಾರೆ, ಆ ಜಗಳದ ನಡುವೆ ವರ್ಗ ಸಮೀಕರಣದ ಒಂದೆರಡು ಲೆಕ್ಕವೂ ಆಗುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಾಸ್ಟೆಲ್ ಹುಡುಗನಿಗೆ ಗಣಿತದಲ್ಲಿ 80ಕ್ಕೆ 26 ಬಂದಿದೆ. ಇಲಾಖೆಯ ಪಟ್ಟಿಯಲ್ಲಿ ಅವನಿನ್ನೂ ಸಿ ಗುಂಪು. ಊಟಕ್ಕೆ ಕೂರುವಾಗ ಇಬ್ಬರ ತಟ್ಟೆಗಳೂ ಈಗಲೂ ಬೇರೆ ಬೇರೆ ಸಾಲಿನಲ್ಲಿವೆ. ಅದಕ್ಕೆ ಯಾವ ಅಕ್ಷರಮಾಲೆ ಹಾಕಬೇಕೋ ಹೊಳೆದಿಲ್ಲ. ಎರಡನೇ ಪೂರ್ವಸಿದ್ಧತಾ ಪರೀಕ್ಷೆ ಮುಂದಿನ ತಿಂಗಳಿದೆ, ಅಷ್ಟರಲ್ಲಿ ದತ್ತು ಮಕ್ಕಳ ಪಟ್ಟಿಯನ್ನು ಹೊಸದಾಗಿ ಬರೆದುಕೊಡಬೇಕಂತೆ. ಮೇಷ್ಟ್ರ ಹೆಸರಿನ ಅಂಕಣದಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಹೆಸರು ಬರೆಯಬಹುದೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ. ತಲೆ ಕೆಟ್ಟಿದೆಯೇನ್ರೀ ಎಂದರು, ಆದರೆ ಬೇಡವೆಂದು ಇನ್ನೂ ಹೇಳಿಲ್ಲ.